ಲೀಚ್ ಲೇಕ್‌ನ ಐಸ್ ಮೇಲೆ ಹಗುರ ಜಿಗ್, ಇನ್‌ಲೈನ್ ರೀಲ್: ಹೋಗುವವರಿಗೆ ಒಂದಿಷ್ಟು ಮಾತು

ಮಿನ್ನೆಸೋಟದ ಉತ್ತರಕ್ಕಿರುವ ಲೀಚ್ ಲೇಕ್‌ಗೆ ಚಳಿಗಾಲದಲ್ಲಿ ಹೋಗುವವರು ಹೆಚ್ಚಾಗಿ ವಾಲ್‌ಐ ಮೀನಿನ ಆಸೆಗೆ ಹೋಗುತ್ತಾರೆ. ನಾವು ಹೋಗಿದ್ದು ಅದಕ್ಕಲ್ಲ. ಬ್ಲೂಗಿಲ್, ಕ್ರ್ಯಾಪಿ, ಪರ್ಚ್ ತರಹದ ಚಿಕ್ಕ ಮೀನುಗಳನ್ನು ಹೆಪ್ಪುಗಟ್ಟಿದ ಕೆರೆಯ ಐಸ್‌ನಲ್ಲಿ ತೂತು ಕೊರೆದು, ಒಂದು ಗ್ರಾಮ್ ಆಸುಪಾಸಿನ ಜಿಗ್ (ಲೋಹದ ಗುಂಡು ಸೇರಿಸಿದ ಕೊಕ್ಕೆ) ಇಳಿಬಿಟ್ಟು ಹಿಡಿಯೋದು ನಮ್ಮ ಉದ್ದೇಶ. ಇಂಥ ಹಗುರ ಗಾಳಕ್ಕೆ ಇನ್‌ಲೈನ್ ರೀಲ್‌ನಷ್ಟು (ದಾರದ ಉರುಳೆಯೇ ಗಾಲಿಯಂತೆ ತಿರುಗುವ ರೀಲ್) ಒಳ್ಳೆಯ ಜೊತೆ ಇನ್ನೊಂದಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಆದರೆ ಅದನ್ನು ಬಳಸೋಕೆ ಅದರದ್ದೇ ಆದ ಕೈಚಳಕ ಬೇಕು. ಅದು ಗೊತ್ತಿಲ್ಲದೆ ಹೋದವರು ಮಧ್ಯಾಹ್ನದೊಳಗೆ ಬೇಸತ್ತು ರೀಲ್‌ಗೇ ಬೈಯುತ್ತಾರೆ.

ಮೊದಲು ಪ್ರಯಾಣದ ವಿಷಯ ಮುಗಿಸಿಬಿಡ್ತೀನಿ. ಮಿನ್ನಿಯಾಪೊಲಿಸ್‌ನಿಂದ ಕೆರೆ ದಡದ ವಾಕರ್ ಊರಿಗೆ ಕಾರಿನಲ್ಲಿ ಸುಮಾರು ಮೂರೂವರೆ ಗಂಟೆ. ಬ್ರೈನರ್ಡ್ ಕಡೆಯಿಂದ ಹೆದ್ದಾರಿ 371 ಹಿಡಿದರೆ ಅದೇ ನಿಮ್ಮನ್ನು ವಾಕರ್‌ಗೆ ಮುಟ್ಟಿಸುತ್ತದೆ. ಹಿಮ ಬಿದ್ದಿದ್ದರೆ ಇನ್ನೂ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. 16 ವರ್ಷ ತುಂಬಿದವರಿಗೆ ಮೀನುಗಾರಿಕೆ ಲೈಸೆನ್ಸ್ ಬೇಕು. ಹೊರ ರಾಜ್ಯದವರಿಗೆ 24 ಗಂಟೆ, 72 ಗಂಟೆ, ಏಳು ದಿನದ ಲೈಸೆನ್ಸ್‌ಗಳೂ ಸಿಗುತ್ತವೆ. ವಾಲ್‌ಐ ಸೀಸನ್ ಫೆಬ್ರವರಿಯ ಕೊನೆಯ ಭಾನುವಾರ ಮುಗಿಯುತ್ತದೆ. ಬ್ಲೂಗಿಲ್, ಕ್ರ್ಯಾಪಿ, ಪರ್ಚ್‌ಗೆ ಆ ಕಟ್ಟು ಇಲ್ಲ, ವರ್ಷವಿಡೀ ಹಿಡಿಯಬಹುದು. ಹಾಗಾಗಿ ಹಗುರ ಗಾಳದವರಿಗೆ ಮಾರ್ಚ್ ಮೊದಲ ವಾರಗಳು ಬಹಳ ಒಳ್ಳೆಯ ಕಾಲ. ಹಗಲು ಉದ್ದ, ಚಳಿ ಕಡಿಮೆ, ಕೆರೆ ಮೇಲೆ ಜನವೂ ಕಡಿಮೆ. ಒಂದು ವಿಷಯ ನೆನಪಿರಲಿ, ಅಲ್ಲಿ ಲೈಸೆನ್ಸ್ ವರ್ಷ ಶುರುವಾಗೋದು ಮಾರ್ಚ್ 1ಕ್ಕೆ. ಹಳೆಯ ವಾರ್ಷಿಕ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ಮಾರ್ಚ್‌ನಲ್ಲಿ ಹೋದರೆ ಅದು ಲೆಕ್ಕಕ್ಕಿಲ್ಲ.

ಐಸ್ ದಪ್ಪದ ವಿಷಯದಲ್ಲಿ ರಾಜಿ ಬೇಡ. ನಡೆದು ಹೋಗೋಕೆ ಕನಿಷ್ಠ 4 ಇಂಚು ಗಟ್ಟಿ, ತಿಳಿಯಾದ ಹೊಸ ಐಸ್ ಬೇಕು ಅಂತ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ಹಿಮ ನೆನೆದು ಗಟ್ಟಿಯಾದ ಬಿಳಿ ಐಸ್‌ಗೆ ಅಷ್ಟು ಬಲ ಇರಲ್ಲ, ಅದು ಎರಡರಷ್ಟು ದಪ್ಪ ಇರಬೇಕು. ಲೀಚ್ ಲೇಕ್ ದೊಡ್ಡ ಕೆರೆ. ದೊಡ್ಡ ಕೆರೆಗಳಲ್ಲಿ ಐಸ್ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ, ಏರು ದಿಬ್ಬಗಳೇಳುತ್ತವೆ. ಅವುಗಳ ಪಕ್ಕ ನೀರು ತೆರೆದುಕೊಂಡಿರೋದೂ ಉಂಟು. ದಡದ ರೆಸಾರ್ಟ್‌ಗಳವರು ಐಸ್ ಮೇಲೆ ದಾರಿ ಮಾಡಿ ದಿನಾ ನೋಡಿಕೊಳ್ಳುತ್ತಾರೆ. ದುಡ್ಡು ಕೊಟ್ಟು ಆ ದಾರಿಯಲ್ಲೇ ಹೋಗಿ. ಐಸ್ ಒಡೆದು ಬಿದ್ದರೆ ಚುಚ್ಚಿ ಹಿಡಿದು ಮೇಲೆ ಬರೋಕೆ ಕುತ್ತಿಗೆಗೆ ಐಸ್ ಪಿಕ್ ನೇತುಹಾಕಿಕೊಳ್ಳಿ.

ಈಗ ರೀಲ್‌ಗೆ ಬರೋಣ. ಸಾಮಾನ್ಯ ಸ್ಪಿನ್ನಿಂಗ್ ರೀಲ್‌ನಲ್ಲಿ ದಾರದ ಉರುಳೆ, ಅಂದರೆ ಸ್ಪೂಲ್, ತಿರುಗಲ್ಲ, ದಾರ ಅದರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಜಾರುತ್ತದೆ. ಸುತ್ತುವಾಗ ಒಂದು ತೋಳು ಸುತ್ತ ತಿರುಗಿ ದಾರವನ್ನು ಸ್ಪೂಲ್ ಮೇಲೆ ಹಾಕುತ್ತದೆ. ಮೀನು ಎಳೆದು ಡ್ರ್ಯಾಗ್ (ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬ್ರೇಕ್) ಜಾರುತ್ತಿರುವಾಗ ನೀವು ಹಿಡಿ ತಿರುಗಿಸುತ್ತಲೇ ಇದ್ದರೆ ಒಂದೊಂದು ಸುತ್ತಿಗೂ ದಾರಕ್ಕೆ ಹುರಿ ಏರುತ್ತದೆ. ಬೇಸಿಗೆಯಲ್ಲಿ ದೂರ ಎಸೆಯುವಾಗ ಇದು ಅಷ್ಟು ಕಾಡಲ್ಲ. ಐಸ್ ತೂತಿನಲ್ಲಿ ಹಾಗಲ್ಲ. ದಾರ ನೆಟ್ಟಗೆ ಕೆಳಗೆ ಇಳಿದಿರುತ್ತದೆ, ಜಿಗ್ ಒಂದೇ ಜಾಗದಲ್ಲಿ ನಿಂತಿರುತ್ತದೆ. ಹುರಿ ಬಿಚ್ಚಿಕೊಳ್ಳೋಕೆ ಇರುವ ದಾರಿ ಒಂದೇ, ಜಿಗ್ಗೇ ತಿರುಗಬೇಕು. ಭಾರದ ಜಿಗ್ ಆದರೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಒಂದು ಗ್ರಾಮಿನ ಜಿಗ್ ನಿಧಾನಕ್ಕೆ ಒಂದು ಕಡೆ ತಿರುಗಿ, ಮತ್ತೆ ಇನ್ನೊಂದು ಕಡೆ ತಿರುಗುತ್ತಲೇ ಇರುತ್ತದೆ.

ಬ್ಲೂಗಿಲ್ ಇದನ್ನು ನೋಡಿಬಿಡುತ್ತದೆ. ಆಳ ಕಡಿಮೆ ಇರುವ ಕಡೆ ಶೆಲ್ಟರ್ (ತೂತಿನ ಮೇಲೆ ಹಾಕುವ ಡೇರೆ) ಒಳಗೆ ಕತ್ತಲೆ ಮಾಡಿ ತೂತಿಗೆ ಬಗ್ಗಿದರೆ ಕೆಳಗಿನ ಆಟ ಕಣ್ಣಿಗೇ ಕಾಣುತ್ತದೆ. ಮೀನು ಬರುತ್ತದೆ, ಜಿಗ್‌ನಿಂದ ಎರಡು ಮೂರು ಇಂಚು ದೂರದಲ್ಲಿ ನಿಲ್ಲುತ್ತದೆ, ಪಕ್ಕದ ರೆಕ್ಕೆ ಮಾತ್ರ ಆಡುತ್ತಿರುತ್ತದೆ. ಜಿಗ್ ಸ್ಥಿರವಾಗಿದ್ದರೆ ಬಾಯಿ ತೆರೆದು ನೀರಿನ ಜೊತೆ ಒಳಗೆ ಎಳೆದುಕೊಳ್ಳುತ್ತದೆ. ತಿರುಗುತ್ತಿದ್ದರೆ ಹಿಂದೆ ಸರಿದು ಹೊರಟುಹೋಗುತ್ತದೆ. ಇದನ್ನು ಕಣ್ಣಾರೆ ನೋಡಿದವರಿಗೆ ಇನ್‌ಲೈನ್ ರೀಲ್ ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಇನ್‌ಲೈನ್ ರೀಲ್‌ನಲ್ಲಿ ಸ್ಪೂಲ್ಲೇ ಗಾಲಿಯ ಹಾಗೆ ತಿರುಗುತ್ತದೆ. ದಾರ ನೇರವಾಗಿ ಹೊರಗೆ ಹೋಗುತ್ತದೆ, ನೇರವಾಗಿ ಒಳಗೆ ಬರುತ್ತದೆ. ರೀಲ್‌ನಿಂದ ಹುರಿ ಬೀಳುವ ಪ್ರಶ್ನೆಯೇ ಇಲ್ಲ. ಫ್ರೇಬಿಲ್, 13 ಫಿಶಿಂಗ್, ಕ್ಲ್ಯಾಮ್, ಈಗಲ್ ಕ್ಲಾ ಹೀಗೆ ಹಲವು ಕಂಪನಿಗಳು ಇದನ್ನು ಮಾಡುತ್ತವೆ. ಕೊಳ್ಳುವಾಗ ಬ್ರ್ಯಾಂಡ್‌ಗಿಂತ ಮೊದಲು ಎರಡು ವಿಷಯ ನೋಡಿ. ಸ್ಪೂಲ್ ಸಡಿಲ ಬಿಡುವ ಗುಂಡಿ ಅಥವಾ ಲಿವರ್ ಗ್ಲವ್ಸ್ ಹಾಕಿದ ಬೆರಳಿಗೆ ಸಿಗುತ್ತದೋ ಇಲ್ಲವೋ? ಸಡಿಲ ಬಿಟ್ಟಾಗ ಸ್ಪೂಲ್ ಎಷ್ಟು ಹೊತ್ತು ತಾನಾಗಿ ತಿರುಗುತ್ತದೆ? ಎಡಗೈ ಬಲಗೈ ಕೂಡ ನೋಡಿಕೊಳ್ಳಿ. ಸ್ಪಿನ್ನಿಂಗ್ ರೀಲ್‌ನಂತೆ ಹಿಡಿಯನ್ನು ಆಚೆ ಈಚೆ ಬದಲಿಸೋಕೆ ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಆಗಲ್ಲ.

ದಾರ ಸುತ್ತುವ ಕೆಲಸ ಮನೆಯಲ್ಲೇ, ನಿಧಾನವಾಗಿ ಮಾಡಿ. ಕೆಳಗೆ ಅಗ್ಗದ ದಪ್ಪ ದಾರ ಸುತ್ತಿ ಸ್ಪೂಲ್‌ನ ಸುತ್ತಳತೆ ದೊಡ್ಡದು ಮಾಡಿಕೊಳ್ಳಿ. ಅದರ ಮೇಲೆ 2ರಿಂದ 4 ಪೌಂಡ್ ಎಳೆತ ತಡೆಯುವ ಮೋನೋ (ಒಂದೇ ಎಳೆಯ ನೈಲಾನ್) ಅಥವಾ ಫ್ಲೂರೋಕಾರ್ಬನ್ ದಾರ. ಸುತ್ತಳತೆ ದೊಡ್ಡದಾದಷ್ಟೂ ಚಳಿಯಲ್ಲಿ ದಾರ ಸುರುಳಿಯಾಗೇ ಉಳಿಯೋದು ಕಡಿಮೆ. ಒಂದು ಸುತ್ತಿಗೆ ಬರುವ ದಾರವೂ ಜಾಸ್ತಿ. ಕೆರೆ ಮೇಲೆ ಹೋದ ಕೂಡಲೇ ಜೊತೆಯವರ ಕೈಗೆ ದಾರದ ತುದಿ ಕೊಟ್ಟು, ಮೀನು ಇರುವ ಆಳದಷ್ಟು ದೂರ ನಡೆದು, ಒಮ್ಮೆ ಮೆಲ್ಲಗೆ ಜಗ್ಗಿ ಬಿಡಿ. ಸುರುಳಿ ಹೋಗಿ ನೆಟ್ಟಗಾಗುತ್ತದೆ. ಈ ಎರಡು ನಿಮಿಷದ ಕೆಲಸ ಇಡೀ ದಿನಕ್ಕೆ ಬೆಲೆ ಬಾಳುತ್ತದೆ.

ಹೊಸಬರು ಎಡವೋದು ಜಿಗ್ ಇಳಿಸುವಾಗ. ಗುಂಡಿ ಒತ್ತಿದರೆ ಜಿಗ್ ತಾನೇ ಇಳಿಯುತ್ತದೆ ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತದೆ. 5 ಎಂಎಂ ಟಂಗ್‌ಸ್ಟನ್ ಜಿಗ್ ಇದ್ದರೆ ಹೌದು, ಸಾಮಾನ್ಯವಾಗಿ ಇಳಿಯುತ್ತದೆ. 3 ಎಂಎಂ ಜಿಗ್‌ಗೆ ಸ್ಪೂಲ್ ತಿರುಗಿಸುವಷ್ಟು ಭಾರ ಇರಲ್ಲ, ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಆಗ ಕೈಯಿಂದಲೇ ಇಳಿಸಬೇಕು. ಸ್ಪೂಲ್ ಸಡಿಲ ಬಿಡಿ. ರೀಲ್ ಮುಂದಿನ ಮೊದಲ ಗೈಡ್ (ರಾಡ್ ಮೇಲೆ ದಾರ ಹಾಯುವ ಬಳೆ) ಹತ್ತಿರ ದಾರವನ್ನು ಎರಡು ಬೆರಳಲ್ಲಿ ಹಿಡಿದು ಒಂದು ತೋಳು ಎಳೆಯಿರಿ, ಆ ದಾರ ಬೆರಳ ಸಂದಿಯಿಂದ ಮೆಲ್ಲಗೆ ಜಾರಿ ಹೋಗಲಿ. ಮತ್ತೆ ಒಂದು ತೋಳು. ಒಂದು ಎಳೆತಕ್ಕೆ ಎರಡು ಅಡಿ ಅಂತ ಹಿಡಿದರೆ 12 ಅಡಿ ಆಳಕ್ಕೆ ಆರು ಎಳೆತ. ಲೆಕ್ಕವೂ ತಾನಾಗಿ ಸಿಗುತ್ತದೆ, ಅಲ್ವಾ? ಬೆರಳಲ್ಲಿ ದಾರ ಇರುವುದರಿಂದ ಇಳಿಯುವಾಗಲೇ ಮೀನು ಕಚ್ಚಿದರೂ ಗೊತ್ತಾಗುತ್ತದೆ. ಕ್ರ್ಯಾಪಿ ಎಷ್ಟೋ ಸಲ ಹಾಗೆಯೇ ಕಚ್ಚುತ್ತದೆ.

ಭಾರದ ಜಿಗ್ ಬಿಡುವಾಗ ಇದರ ಉಲ್ಟಾ ಸಮಸ್ಯೆ. ಜಿಗ್ ತಳ ಮುಟ್ಟಿ ನಿಂತರೂ ಸ್ಪೂಲ್ ಓಡುತ್ತಲೇ ಇರುತ್ತದೆ, ದಾರ ಗಂಟುಗಂಟಾಗಿ ಉಕ್ಕುತ್ತದೆ. ಹೆಬ್ಬೆರಳನ್ನು ಸ್ಪೂಲ್ ಅಂಚಿಗೆ ಸುಮ್ನೆ ತಾಗಿಸಿಟ್ಟರೆ ಸಾಕು.

ಜಿಗ್ ಆಯ್ಕೆಯಲ್ಲಿ ನನ್ನ ಒಲವು ಪೂರ್ತಿ ಟಂಗ್‌ಸ್ಟನ್ ಕಡೆ. ಅದು ಸೀಸಕ್ಕಿಂತ ಎಷ್ಟೋ ಸಾಂದ್ರ. ಅಷ್ಟೇ ಭಾರ, ಆದರೆ ಮೈ ಚಿಕ್ಕದು. ದಾರ ನೆಟ್ಟಗೆ ನಿಲ್ಲುತ್ತದೆ, ಫ್ಲಾಷರ್ (ನೀರಿನಡಿ ಇರೋದನ್ನು ತೋರಿಸುವ ಸೋನಾರ್) ಮೇಲೆ ಜಿಗ್‌ನ ಗೆರೆ ಸ್ಪಷ್ಟ ಕಾಣುತ್ತದೆ. ಗಂಟನ್ನು ಜಿಗ್ ಕಣ್ಣಿನ ನೆತ್ತಿಗೆ ಸರಿಸಿ, ಜಿಗ್ ಅಡ್ಡಡ್ಡ ತೂಗುವಂತೆ ನೋಡಿಕೊಳ್ಳಿ. ಒಂದೊಂದು ಮೀನು ಎಳೆದಾಗಲೂ ಗಂಟು ಕೆಳಗೆ ಜಾರಿರುತ್ತದೆ, ಪ್ರತಿ ಮೀನಿನ ನಂತರ ಸರಿಪಡಿಸಬೇಕು. ಎರೆಯಾಗಿ ಮೇಣದ ಹುಳ ಚುಚ್ಚುವಾಗ ನೆಟ್ಟಗೆ ಚುಚ್ಚಿ. ಹುಳ ಡೊಂಕಾಗಿದ್ದರೆ ಜಿಗ್ ಮೇಲೆತ್ತುವಾಗಲೇ ತಿರುಗೋಕೆ ಶುರುಮಾಡುತ್ತದೆ. ಆಗ ರೀಲ್ ಎಷ್ಟು ಒಳ್ಳೆಯದಿದ್ದರೂ ಏನು ಬಂತು?

ಕಚ್ಚಿದ್ದು ಕೈಗೆ ಗೊತ್ತಾಗುತ್ತದೆ ಅಂತ ಕಾಯಬೇಡಿ. ರಾಡ್ ತುದಿಗೆ ಸ್ಪ್ರಿಂಗ್ ಬಾಬರ್, ಅಂದರೆ ಕಚ್ಚಿದ್ದನ್ನು ತೋರಿಸುವ ತೆಳು ಸ್ಪ್ರಿಂಗ್, ಹಾಕಿ. ಜಿಗ್ ಭಾರಕ್ಕೆ ಅದು ಸ್ವಲ್ಪ ಬಗ್ಗಿ ನಿಂತಿರುತ್ತದೆ. ಕೆಳಗೆ ಬಗ್ಗಿದರೆ ಸರಿ, ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಕ್ರ್ಯಾಪಿ ಕೆಳಗಿನಿಂದ ಬಂದು ಜಿಗ್ ಬಾಯಿಗೆ ಹಾಕಿಕೊಂಡು ಮೇಲಕ್ಕೇ ಏರುತ್ತದೆ. ಭಾರ ಹೋಗಿ ಸ್ಪ್ರಿಂಗ್ ಮೆಲ್ಲಗೆ ನೆಟ್ಟಗಾಗುತ್ತದೆ. ಆ ನೆಟ್ಟಗಾಗುವುದೇ ಕಚ್ಚು. ಮಣಿಕಟ್ಟಿನಿಂದ ಚಿಕ್ಕದಾಗಿ ಎತ್ತಿ. ಜೋರಾಗಿ ಜಗ್ಗಿದರೆ ಕ್ರ್ಯಾಪಿಯ ತೆಳು ಬಾಯಿ ಹರಿದುಹೋಗುತ್ತದೆ. ಜಿಗ್ ಮೀನಿನ ಮಟ್ಟಕ್ಕಿಂತ ಒಂದಡಿ ಮೇಲೇ ಇರಲಿ. ಈ ಮೀನುಗಳು ಮೇಲೆ ನೋಡಿ ಬರುತ್ತವೆ, ಕೆಳಗೆ ಇಳಿದು ಬರೋದು ಅಪರೂಪ.

ಮೀನು ಸಿಕ್ಕ ಮೇಲೆ ಡ್ರ್ಯಾಗ್ ನಂಬಿ ಕೂರಬೇಡಿ. ಜನವರಿ ಬೆಳಗ್ಗೆ ಮೈನಸ್ 20 ಸೆಲ್ಸಿಯಸ್ ಅಲ್ಲಿ ದೊಡ್ಡ ವಿಷಯವಲ್ಲ. ಆ ಚಳಿಗೆ ರೀಲ್ ಒಳಗಿನ ಗ್ರೀಸ್ ಗಟ್ಟಿಯಾಗುತ್ತದೆ, ಡ್ರ್ಯಾಗ್ ತಡೆದು ತಡೆದು ಜಾರುತ್ತದೆ, 2 ಪೌಂಡ್ ದಾರಕ್ಕೆ ಅಷ್ಟು ಸಾಕು ತುಂಡಾಗೋಕೆ. ಹೊರಡುವ ಮೊದಲೇ ಬೇರಿಂಗ್‌ನ ದಪ್ಪ ಗ್ರೀಸ್ ಒರೆಸಿ ಚಳಿಗೆ ಆಗುವ ತೆಳು ಎಣ್ಣೆ ಒಂದು ಹನಿ ಹಾಕಿ. ಸ್ಪೂಲ್ ಅಂಚನ್ನು ಹೆಬ್ಬೆರಳಲ್ಲಿ ಒತ್ತಿ ಸಡಿಲಿಸಿ ಮೀನಿಗೆ ದಾರ ಕೊಡೋದನ್ನು ಕೈಗೆ ಕಲಿಸಿ. ಇನ್ನೊಂದು, ರೀಲನ್ನು ರಾತ್ರಿ ಬೆಚ್ಚಗಿನ ಕೋಣೆಯಲ್ಲಿಟ್ಟು ಬೆಳಗ್ಗೆ ಸೀದಾ ಚಳಿಗೆ ತಂದರೆ ಒಳಗಿನ ತೇವ ಹೆಪ್ಪುಗಟ್ಟುತ್ತದೆ. ಕಾರಿನ ಡಿಕ್ಕಿಯಲ್ಲೇ ಬಿಡಿ. ಗೈಡ್‌ಗಳಲ್ಲಿ ಐಸ್ ಕಟ್ಟಿದರೆ ಚುಚ್ಚಿ ಒಡೆಯಬೇಡಿ, ಬೆರಳಲ್ಲಿ ಹಿಡಿದು ಕರಗಿಸಿ. ಶೆಲ್ಟರ್ ಒಳಗೆ ಹೀಟರ್ ಇದ್ದರೆ ಈ ತೊಂದರೆ ಕಡಿಮೆ, ಆದರೆ ಗಾಳಿ ಕಿಂಡಿ ತೆರೆದೇ ಇರಬೇಕು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರಲ್ಲ.

ಇಷ್ಟೆಲ್ಲ ಹೊಗಳಿದರೂ ಎಲ್ಲ ಕಡೆ ಇನ್‌ಲೈನ್ ರೀಲ್ ಅಂತ ನಾನು ಹೇಳಲ್ಲ. ಒಂದು ಸುತ್ತಿಗೆ ಅದು ಎಳೆಯುವ ದಾರ ಸ್ಪಿನ್ನಿಂಗ್ ರೀಲ್‌ಗಿಂತ ಕಡಿಮೆ. ಕಳೆ ಬೆಳೆದ ಕೊಲ್ಲಿಗಳಲ್ಲಿ, 20 ಅಡಿ ಒಳಗೆ, ಬ್ಲೂಗಿಲ್ ಕ್ರ್ಯಾಪಿಗೆ ಅದೇ ಸರಿ. 30 ಅಡಿಯಲ್ಲಿ ಪರ್ಚ್ ಗುಂಪು ಸಿಕ್ಕಾಗ ವೇಗ ಮುಖ್ಯ, ಗುಂಪು ನಿಮಗಾಗಿ ಕಾಯಲ್ಲ. ಅಲ್ಲಿ ಭಾರದ ಚಮಚ ಲೂರ್ (ಚಮಚದಾಕಾರದ ಲೋಹದ ಗಾಳ), ಸ್ಪಿನ್ನಿಂಗ್ ರೀಲ್ ತೆಗೆಯಿರಿ. ಮಿನ್ನೆಸೋಟದಲ್ಲಿ ಐಸ್ ಮೇಲೆ ಒಬ್ಬರಿಗೆ ಎರಡು ಗಾಳ ಹಾಕೋಕೆ ಅವಕಾಶ ಇದೆ, ಎರಡೂ ಬಗೆಯ ರಾಡ್ ಒಯ್ಯೋದು ವ್ಯರ್ಥವಲ್ಲ. ಆದರೆ ತೀರಾ ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬುತ್ತದೆ, ಬಿಟ್ಟರೂ ಎಷ್ಟೋ ಬದುಕಲ್ಲ. ವಾಪಸ್ ಬಿಡುವ ಮನಸ್ಸಿದ್ದರೆ ಅಷ್ಟು ಆಳದಲ್ಲಿ ಹಿಡಿಯಲೇಬೇಡಿ.

ಕ್ರ್ಯಾಪಿಗೆ ರಾಜ್ಯದ ಸಾಮಾನ್ಯ ಮಿತಿ ದಿನಕ್ಕೆ 10, ಬ್ಲೂಗಿಲ್ ಸೇರಿದ ಸನ್‌ಫಿಶ್‌ಗೆ 20. ಎಷ್ಟೋ ಕೆರೆಗಳಲ್ಲಿ ಸನ್‌ಫಿಶ್ ಮಿತಿಯನ್ನು 5ಕ್ಕೋ 10ಕ್ಕೋ ಇಳಿಸಿದ್ದಾರೆ. ಹಾಗಾಗಿ ನೀವು ಕೂರುವ ಕೆರೆಯ ನಿಯಮವನ್ನು ಹೊರಡುವ ಹಿಂದಿನ ದಿನವೇ ನೋಡಿಕೊಳ್ಳಿ. ಅಂಗೈ ಮೀರಿದ ದೊಡ್ಡ ಗಂಡು ಬ್ಲೂಗಿಲ್ ಸಿಕ್ಕರೆ ದಯವಿಟ್ಟು ಬಿಟ್ಟುಬಿಡಿ. ವಸಂತದಲ್ಲಿ ಗೂಡು ಕಾಯೋದು ಅವೇ. ಅವು ಹೋದರೆ ಚಿಕ್ಕ ಗಂಡುಗಳು ಬೆಳೆಯೋದು ಬಿಟ್ಟು ಬೇಗ ಮರಿ ಮಾಡೋಕೆ ಇಳಿಯುತ್ತವೆ, ಕೆರೆ ತುಂಬ ಕುಳ್ಳ ಮೀನುಗಳೇ ಉಳಿಯುತ್ತವೆ. ಊಟಕ್ಕೆ ಮಧ್ಯಮ ಗಾತ್ರದವನ್ನು ಇಟ್ಟುಕೊಳ್ಳಿ. ಬಿಡುವ ಮೀನನ್ನು ಐಸ್ ಮೇಲೆ ಮಲಗಿಸಬೇಡಿ. ಮೈನಸ್ ಚಳಿಯಲ್ಲಿ ಅದರ ಕಣ್ಣು, ಕಿವಿರು ಬಹಳ ಬೇಗ ಹೆಪ್ಪುಗಟ್ಟುತ್ತವೆ. ಒದ್ದೆ ಕೈಯಲ್ಲಿ ಹಿಡಿದು, ಜಿಗ್ ಬಿಡಿಸಿ, ತಲೆ ಮುಂದಾಗಿ ತೂತಿಗೆ ಇಳಿಸಿ.