ಅಮ್ಮನ ಬೆನ್ನುಮೂಳೆಗೆ ಹೊಂದುವ ಕೇಜ್: ಆರನೇ ವಾರ

ಕೇಜ್ ಮೂಳೆಗೆ ಸರಿಯಾಗಿ ಕೂರುತ್ತಾ ಅಂತ ನೋಡಲು ಹಚ್ಚುವ ನೀಲಿ ಬಣ್ಣ ಈ ವಾರ ಕೊನೆಗೂ ಸುತ್ತಲೂ ಹತ್ತಿತು! ಹಿಂದಿನ ಮೂರು ಪ್ರಿಂಟ್‌ಗಳಲ್ಲಿ ಎರಡೇ ಕಡೆ ಹತ್ತುತ್ತಿತ್ತು.

ಹೊಸದಾಗಿ ಓದುತ್ತಿರುವವರಿಗೆ: ಅಮ್ಮನ ಸಿ.ಟಿ. ಸ್ಕ್ಯಾನ್ ಇಟ್ಟುಕೊಂಡು, ಸೊಂಟದ ನಾಲ್ಕನೇ, ಐದನೇ ಬೆನ್ನುಮೂಳೆಗಳ (ಎಲ್4, ಎಲ್5) ನಡುವೆ ಕೂರುವ ಕೇಜ್ (ಸವೆದ ಡಿಸ್ಕ್ ತೆಗೆದು, ಆ ಜಾಗದಲ್ಲಿ ಆಪರೇಷನ್ ಮಾಡಿ ಇಡುವ ಚಿಕ್ಕ ಆಸರೆ) ಒಂದನ್ನು ಕುವೆಂಪುನಗರದ ನಮ್ಮ ಮನೆಯಲ್ಲೇ ಡಿಸೈನ್ ಮಾಡುತ್ತಿದ್ದೇನೆ. ಅಮ್ಮನಿಗೆ ಆಪರೇಷನ್ ಬೇಡ, ವ್ಯಾಯಾಮ ಸಾಕು ಅಂದಿದ್ದಾರೆ ಡಾಕ್ಟರು. ಇದು ಕಲಿಯೋದಕ್ಕೆ ಮಾತ್ರ, ಅದೂ ಪ್ಲಾಸ್ಟಿಕ್‌ನಲ್ಲಿ. 2014ರಲ್ಲಿ ಬೀಜಿಂಗ್‌ನ ವೈದ್ಯರು 12 ವರ್ಷದ ಹುಡುಗನಿಗೆ ಕತ್ತಿನ ಎರಡನೇ ಮೂಳೆಯನ್ನೇ ಟೈಟಾನಿಯಂನಲ್ಲಿ ಪ್ರಿಂಟ್ ಮಾಡಿ ಕೂರಿಸಿದ್ದರು. ಅದನ್ನು ಓದಿದಾಗಿನಿಂದ ಹತ್ತಿದ ಹುಚ್ಚು ಇದು.

ಮೊದಲ ತಪ್ಪು ಸ್ಕ್ಯಾನ್ ತೆರೆಯುವಾಗಲೇ ಆಗಿತ್ತು. ಸ್ಕ್ಯಾನ್ ಅಂದರೆ ಪದರ ಪದರವಾಗಿ ತೆಗೆದ ಚಿತ್ರಗಳು (ಸ್ಲೈಸ್). ಸಿ.ಡಿ.ಯಲ್ಲಿ 1 ಮಿ.ಮೀ. ಸ್ಲೈಸ್‌ಗಳೂ ಇದ್ದವು, 5 ಮಿ.ಮೀ.ನವೂ ಇದ್ದವು. ನೋಡದೆ ದಪ್ಪದ್ದನ್ನೇ ಸ್ಕ್ಯಾನ್‌ನಿಂದ ತ್ರೀಡಿ ಆಕಾರ ಮಾಡುವ ಸಾಫ್ಟ್‌ವೇರ್ ತ್ರೀಡಿ ಸ್ಲೈಸರ್‌ಗೆ ಹಾಕಿದ್ದೆ. ಮೂಳೆ ಚಾಮುಂಡಿ ಬೆಟ್ಟದ ಮೆಟ್ಟಿಲಿನ ಹಾಗೆ ಬಂತು. ಮೆಟ್ಟಿಲು ಅಳಿಸಲು ಹೋಗಿ ಮೂಳೆಯ ಅಂಚನ್ನೂ ಸವೆಸಿಬಿಟ್ಟೆ. ಈಗ 1 ಮಿ.ಮೀ.ನಿಂದ ಮತ್ತೆ ಶುರು ಮಾಡಿದ್ದೇನೆ.

ನೀಲಿಯ ಉಪಾಯ ನನ್ನ ಮಾವನದು. ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಅಚ್ಚು (ಮೋಲ್ಡ್) ತಯಾರಿಸುವ ಟೂಲ್‌ರೂಮ್ ಕೆಲಸ ಅವರದು. "ಮೋಲ್ಡ್‌ನ ಎರಡು ಭಾಗ ಕೂರುತ್ತಾ ಅಂತ ಬ್ಲೂ ಹಚ್ಚಿ ನೋಡ್ತೀವಲ್ಲ, ಹಾಗೇ ನೋಡು ಕಣೋ" ಅಂದರು. ಪ್ರಿಂಟ್ ಮಾಡಿದ ಎಲ್4ರ ಅಡಿಗೆ ತೆಳ್ಳಗೆ ನೀಲಿ ಸವರಿ, ಕೇಜ್ ಒತ್ತಿ ತೆಗೆದೆ. ಹಿಂದಿನ ಚಪ್ಪಟೆ ಕೇಜ್‌ನಲ್ಲಿ ಅಂಚಿನ ಎರಡು ಕಡೆ ಕಡಲೆ ಬೇಳೆಯಷ್ಟು ಕಲೆ, ಅಷ್ಟೇ. ಮೈಭಾರವೆಲ್ಲ ಅಷ್ಟು ಚಿಕ್ಕ ಜಾಗದ ಮೇಲೆ ಬಿದ್ದರೆ ಕೇಜ್ ಮೆಲ್ಲಗೆ ಮೂಳೆಯೊಳಗೆ ಇಳಿಯುತ್ತದೆ. ಎಲ್4ರ ಅಡಿ ಜಾಸ್ತಿ ಗುಳಿ, ಎಲ್5ರ ಮೇಲ್ಭಾಗ ಅಷ್ಟಿಲ್ಲ. ಮೂಳೆ ಗಟ್ಟಿ ಇರೋದು ಅಂಚಿನಲ್ಲಿ, ನಡುವೆ ಮೆತ್ತಗೆ. ಹಾಗಾಗಿ ಕೇಜ್‌ನ ಮೇಲಕ್ಕೊಂದು, ಕೆಳಕ್ಕೊಂದು ಬೇರೆ ಬೇರೆ ಆಕಾರ ಕೊಟ್ಟೆ. ಈಗ ಅಂಚಿನುದ್ದಕ್ಕೂ ಬಳೆಯ ಹಾಗೆ ನೀಲಿ!

ಅಮ್ಮ ಎಲ್4ನ್ನು ಕೈಗೆ ತಗೊಂಡು ಆ ಗುಳಿಯಲ್ಲಿ ಹೆಬ್ಬೆರಳು ಇಟ್ಟು ನೋಡಿದರು. "ಇದಾ ನೋಯೋದು?" ಅಂದರು. ಸ್ವಲ್ಪ ಹೊತ್ತು ಕೆಳಗಿಡಲೇ ಇಲ್ಲ.

ಮುಂದಿನದು ಜಾಲರಿ. ಟೈಟಾನಿಯಂ ನಮ್ಮ ಮೂಳೆಯ ಗಟ್ಟಿ ಹೊರಪದರಕ್ಕಿಂತ ಐದಾರು ಪಟ್ಟು ಬಿಗಿ, ಅಂದರೆ ಒತ್ತಿದರೆ ಬಗ್ಗೋದು ಅಷ್ಟು ಕಡಿಮೆ. ಒಳಗೆ ಜಾಲರಿ ಮಾಡಿದರೆ ಆ ಬಿಗಿತ ಇಳಿಯುತ್ತದೆ, ರಂಧ್ರಗಳಲ್ಲಿ ಮೂಳೆಯೂ ಬೆಳೆಯುತ್ತದೆ. ಆದರೆ ರಂಧ್ರ ಅರ್ಧ ಮಿ.ಮೀ. ಆಸುಪಾಸಿನದು. ನನ್ನ ಪ್ರಿಂಟರ್‌ನ ಪ್ಲಾಸ್ಟಿಕ್ ಸುರಿಸುವ 0.4 ಮಿ.ಮೀ. ನಾಜಲ್‌ನಲ್ಲಿ ಅದು ಮುಚ್ಚಿಹೋಗುತ್ತದೆ. ಸದ್ಯಕ್ಕೆ ನಾಲ್ಕು ಪಟ್ಟು ದೊಡ್ಡದಾಗಿ ಪ್ರಿಂಟ್ ಹಾಕಿದ್ದೇನೆ. ಬೆಳಿಗ್ಗೆ ಮುಗಿಯಬೇಕು.