ಫೌಜಿನಿಂದ ಎಂಜಿನಿಯರಿಂಗ್ ತರಗತಿಗೆ ಬಂದವರ ಗಣಿತ

ಕಲಬುರಗಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುವ ನನ್ನ ಬಳಿಗೆ ಸೇನೆಯಿಂದ ನಿವೃತ್ತರಾದವರೂ ಆಗೊಮ್ಮೆ ಈಗೊಮ್ಮೆ ಬರುತ್ತಾರೆ. ಬಹುಪಾಲು ಮಂದಿ ಸೇನೆ ಸೇರುವ ಮೊದಲೇ ಡಿಪ್ಲೊಮಾ ಮುಗಿಸಿದ್ದು, ಈಗ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಮೂರನೇ ಸೆಮಿಸ್ಟರಿಗೆ ಸೇರಿದವರು. ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಇವರು ಸಹಪಾಠಿಗಳಿಗಿಂತ ಎಷ್ಟೋ ಮುಂದೆ. ತೊಡಕು ಇರುವುದು ಗಣಿತದಲ್ಲಿ. ಅದೂ ಬುದ್ಧಿ ಸಾಲದೆ ಅಲ್ಲ, ಹದಿನೈದು ವರ್ಷ ಬೀಜಗಣಿತದ ಸಹವಾಸವೇ ಇಲ್ಲದಿದ್ದುದರಿಂದ.

ಸೇನೆಯ ರೇಡಿಯೊ, ಸಂಪರ್ಕ ಸಾಧನಗಳನ್ನು ನೋಡಿಕೊಳ್ಳುವ ಸಿಗ್ನಲ್ಸ್ ವಿಭಾಗದಲ್ಲಿ ತಂತ್ರಜ್ಞರಾಗಿದ್ದ ಭಾಲ್ಕಿ ಕಡೆಯ ಹವಾಲ್ದಾರರೊಬ್ಬರಿಗೆ ಅವಕಲ ಸಮೀಕರಣ (ಡಿಫರೆನ್ಷಿಯಲ್ ಈಕ್ವೇಶನ್) ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹತ್ತುತ್ತಿರಲಿಲ್ಲ. ವಿದ್ಯುದಾವೇಶ ಕೂಡಿಡುವ ಕೆಪಾಸಿಟರ್ ಖಾಲಿಯಾಗುವ ರೇಖೆ ಬರೆದು, ರೋಧ (ರೆಸಿಸ್ಟೆನ್ಸ್) ಮತ್ತು ಧಾರಕತೆಯ (ಕೆಪಾಸಿಟೆನ್ಸ್) ಗುಣಲಬ್ಧದಷ್ಟು ಕಾಲ ಕಳೆದಾಗ ವೋಲ್ಟೇಜ್ ಮೊದಲಿದ್ದುದರ ಶೇ 37ಕ್ಕೆ ಇಳಿಯುತ್ತದೆ, ಅಂಥ ಐದು ಅವಧಿ ಕಳೆದರೆ ಶೇ 1ರಷ್ಟೂ ಉಳಿಯುವುದಿಲ್ಲ ಎಂದು ತೋರಿಸಿದೆ. ಅವರು ಪೆನ್ನು ಕೆಳಗಿಟ್ಟು, "ಸರ, ಸೆಟ್ ಬಂದ್ ಮಾಡಿದ ಕೂಡ್ಲೆ ಒಳಗ ಕೈ ಹಾಕಬ್ಯಾಡ್ರಿ, ತಡೀರಿ ಅಂತ ನಮ್ಮ ಉಸ್ತಾದ್ ಹೇಳ್ತಿದ್ರು. ಎಷ್ಟು ತಡೀಬೇಕು ಅನ್ನೋದು ಈ ಲೆಕ್ಕದಾಗ ಅದ ಏನ್ರಿ?" ಎಂದರು. ಆ ಮೇಲೆ ಘಾತಾಂಕ, ಲಾಗರಿದಮ್‌ಗಳನ್ನು ಮೊದಲಿನಿಂದ ಓದಬೇಕಾಯಿತಾದರೂ, ಯಾಕೆ ಓದಬೇಕೆಂಬ ಪ್ರಶ್ನೆ ಮತ್ತೆ ಏಳಲಿಲ್ಲ.

ಇನ್ನೊಂದು ತೊಡಕು ಇವರ ವಿನಯ. ತಮಗಿಂತ ಹತ್ತು ವರ್ಷ ಚಿಕ್ಕವರಾದ ಉಪನ್ಯಾಸಕರು ಬಂದರೂ ಎದ್ದು ನಿಲ್ಲುತ್ತಾರೆ. ಡೌಟ್ ಇದೆಯೇ ಎಂದು ಕೇಳಿದರೆ ಉತ್ತರ ಯಾವಾಗಲೂ "ಇಲ್ಲ ಸರ". ಆದ್ದರಿಂದ ನಾನು ಹಾಗೆ ಕೇಳುವುದನ್ನೇ ಬಿಟ್ಟು, ಅರ್ಧ ಬಿಡಿಸಿದ ಲೆಕ್ಕ ಕೊಟ್ಟು ಬೋರ್ಡಿನ ಮೇಲೆ ಮುಂದುವರಿಸಲು ಹೇಳುತ್ತೇನೆ. ಎಲ್ಲಿ ಸಿಕ್ಕಿಕೊಂಡಿದ್ದಾರೆಂಬುದು ಎರಡು ಸಾಲಿನಲ್ಲಿ ತಿಳಿಯುತ್ತದೆ.

ಹಣದ ವಿಷಯದಲ್ಲಿ ನಮ್ಮ ವ್ಯವಸ್ಥೆ ಸೈನಿಕನನ್ನು ತಂದೆಯಾಗಿ ಮಾತ್ರ ಕಂಡಿದೆ ಎನ್ನಬೇಕು. ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಮಾಜಿ ಸೈನಿಕರ ಮಕ್ಕಳಿಗೆ ಮತ್ತು ವಿಧವೆಯರಿಗೆ ಸಿಗುತ್ತದೆ, ಸಿಇಟಿಯ ರಕ್ಷಣಾ ಕೋಟಾ ಕೂಡ ಮಕ್ಕಳಿಗಾಗಿಯೇ ಇದೆ. ಅಮೆರಿಕವು 1944ರ ಜಿಐ ಬಿಲ್ ಎಂಬ ಕಾನೂನಿನಲ್ಲಿ ಯುದ್ಧದಿಂದ ಮರಳಿದವರ ಶುಲ್ಕವನ್ನೂ ಜೀವನ ನಿರ್ವಹಣೆಯ ಭತ್ಯೆಯನ್ನೂ ಕೊಟ್ಟು ಅವರನ್ನೇ ಕಾಲೇಜಿಗೆ ಕಳಿಸಿತ್ತು. ನಮ್ಮಲ್ಲಿ ನಿವೃತ್ತರಾದವರು ಪಿಂಚಣಿಯಲ್ಲೇ ಮನೆ, ಮಕ್ಕಳ ಶಾಲೆ, ತಮ್ಮ ಶುಲ್ಕ ಎಲ್ಲವನ್ನೂ ತೂಗಿಸಬೇಕು.

2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯವರಿಗೆ ಪಿಂಚಣಿಯೂ ಇಲ್ಲ. ನಾಲ್ಕು ವರ್ಷದ ಬಳಿಕ ಗರಿಷ್ಠ ಶೇ 25 ಮಂದಿ ಸೇನೆಯಲ್ಲಿ ಉಳಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಎಂಬ ಇಡಿಗಂಟಿನೊಂದಿಗೆ ಇಪ್ಪತ್ತು ದಾಟಿದ ಹರೆಯದಲ್ಲೇ ಊರಿಗೆ ಮರಳುತ್ತಾರೆ. ಇವರಿಗೆ ಓದಿನ ಅಂತರ ಕಡಿಮೆ, ಮುಂದಿನ ವಯಸ್ಸು ದೊಡ್ಡದು. ಕಲಬುರಗಿ, ಬೀದರ್, ಭಾಲ್ಕಿಯ ಕಾಲೇಜುಗಳು ಸೀಟು ಹಂಚಿಕೆಗೂ ತರಗತಿಗೂ ನಡುವಿನ ವಾರಗಳಲ್ಲಿ ಸಂಜೆ ಹೊತ್ತು ಗಣಿತದ ಪಾಠ ಇಟ್ಟುಕೊಳ್ಳಬೇಕು, ಮತ್ತು ಅದು ತರಗತಿಯ ಕೋಣೆಗಿಂತ ಪ್ರಯೋಗಾಲಯದಲ್ಲಿ, ವೋಲ್ಟೇಜಿನ ಏರಿಳಿತವನ್ನು ರೇಖೆಯಾಗಿ ತೋರಿಸುವ ಆಸಿಲೋಸ್ಕೋಪ್ ಪಕ್ಕದಲ್ಲಿ ನಡೆದರೆ ಒಳ್ಳೆಯದು.