ಕಿವಿಗೆ ಸಿಗದ ಡಿಸ್ಕುಗಳು

ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದ ಹೊಸತರಲ್ಲಿ ನಾನು ಹಾರ್ಡ್ ಡಿಸ್ಕುಗಳ ನಾಡಿ ಹಿಡಿಯುತ್ತಿದ್ದುದು ಕಿವಿಯಿಂದ. ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಆನಿಸಿದರೆ ಸಾಕಾಗುತ್ತಿತ್ತು. ಮಳೆಗಾಲದ ಜೀರುಂಡೆಯ ಹಾಗೆ ಕಿರ್ರೆಂದರೆ ಬೇರಿಂಗ್ ಸವೆದಿದೆ. ಟಕ್ ಟಕ್ ಎಂದರೆ, ತಿರುಗುವ ತಟ್ಟೆಯ ಮೇಲೆ ತೇಲುತ್ತ ಮಾಹಿತಿಯನ್ನು ಓದಿ ಬರೆಯುವ ಹೆಡ್ ದಾರಿ ತಪ್ಪಿದೆ. ತಿರುಗಲಾರದೆ ಸುಮ್ಮನೆ ಮುಲುಗಿದರೆ ಹೆಡ್ ತಟ್ಟೆಗೆ ಅಂಟಿಕೊಂಡಿದೆ.

ಈ ಅಂಟಿನ ಕಾಯಿಲೆ ವಿಚಿತ್ರವಾದದ್ದು. ಆಗಿನ ಡಿಸ್ಕುಗಳಲ್ಲಿ ವಿದ್ಯುತ್ ಹೋದರೆ ಹೆಡ್ ತಟ್ಟೆಯ ಮೇಲೆಯೇ ಇಳಿದು ಕೂರುತ್ತಿತ್ತು. ತಟ್ಟೆ ನಯವಾದಷ್ಟೂ ಹೆಡ್ ಅದರ ಹತ್ತಿರಕ್ಕೆ ಹಾರಬಹುದು, ಮಾಹಿತಿಯನ್ನು ಒತ್ತೊತ್ತಾಗಿ ತುಂಬಬಹುದು. ಆದರೆ ಒದ್ದೆಯಾದ ಎರಡು ಗಾಜಿನ ಹಾಳೆಗಳಂತೆ, ನಯವಾದಷ್ಟೂ ಅಂಟು ಹೆಚ್ಚು. ಡಿಸ್ಕನ್ನು ಅಂಗೈಯಲ್ಲಿ ಹಿಡಿದು, ವಿದ್ಯುತ್ ಕೊಟ್ಟ ಕ್ಷಣಕ್ಕೆ ಸರಿಯಾಗಿ ಮಣಿಕಟ್ಟನ್ನು ಚಕ್ಕನೆ ತಿರುವುತ್ತಿದ್ದೆ. ಎಷ್ಟೋ ಸಲ ಬಿಟ್ಟುಕೊಳ್ಳುತ್ತಿತ್ತು. ಗಿರಾಕಿಗಳಿಗೆ ಅದು ಮಂತ್ರದಂತೆ ಕಾಣುತ್ತಿತ್ತು, ನಾನೂ ತಿದ್ದಲು ಹೋಗುತ್ತಿರಲಿಲ್ಲ.

ಆಮೇಲೆ ಬಂದ ಡಿಸ್ಕುಗಳಲ್ಲಿ ತಟ್ಟೆಯ ಹೊರ ಅಂಚಿಗೆ ಪುಟ್ಟ ಪ್ಲಾಸ್ಟಿಕ್ ಇಳಿಜಾರು. ಹೆಡ್ ಹೊತ್ತ ತೋಳಿನ ತುದಿ ಅದರ ಮೇಲೆ ಹತ್ತಿ ಕೂರುತ್ತದೆ, ಹೆಡ್ ತಟ್ಟೆಯನ್ನು ಮುಟ್ಟುವುದೇ ಇಲ್ಲ. ಕರೆಂಟು ಹಠಾತ್ತನೆ ಹೋದರೆ? ತಟ್ಟೆ ಇನ್ನೂ ತಿರುಗುತ್ತಿರುತ್ತದಲ್ಲ, ಆಗ ಮೋಟಾರೇ ಡೈನಮೋ ಆಗುತ್ತದೆ. ಆ ಕೊನೆಯ ಸುತ್ತುಗಳ ವಿದ್ಯುತ್ತಿನಲ್ಲೇ ತೋಳು ಮನೆ ಸೇರುತ್ತದೆ. ಡಿಸ್ಕಿನೊಳಗೆ ನನಗೆ ತುಂಬ ಇಷ್ಟವಾದ ಜಾಣತನ ಇದು.

ಕಿರ್ ಶಬ್ದವನ್ನು ಇಲ್ಲವಾಗಿಸಿದ್ದು ಎಣ್ಣೆ. ಬೇರಿಂಗಿನ ಉಕ್ಕಿನ ಗುಂಡುಗಳು ಎಷ್ಟೇ ದುಂಡಗಿದ್ದರೂ ಪೂರ್ತಿ ದುಂಡಗಿರುವುದಿಲ್ಲ, ಒಂದೊಂದು ಸುತ್ತಿಗೂ ತಟ್ಟೆ ಒಂದೊಂದು ಥರ ಕೂದಲೆಳೆಯಷ್ಟೂ ಅಲ್ಲದ ಓಲಾಟ ಓಲುತ್ತದೆ. ಮಾಹಿತಿ ಬರೆಯುವ ಸುತ್ತುಗೆರೆಗಳು, ಅಂದರೆ ಟ್ರ್ಯಾಕುಗಳು, ಕಿರಿದಾದಂತೆ ಆ ಓಲಾಟವೇ ದೊಡ್ಡದಾಯಿತು. ಹಾಗಾಗಿ ಗುಂಡು ಹೋಗಿ ದ್ರವ ಬೇರಿಂಗ್ ಬಂತು. ಮೀನಿನ ಮುಳ್ಳಿನ ಆಕಾರದ ಸಣ್ಣ ಗೀರುಗಳು ತಿರುಗುವಾಗ ಎಣ್ಣೆಯನ್ನು ನಡುವಿಗೆ ತಳ್ಳುತ್ತವೆ. ಆ ಒತ್ತಡದ ಮೇಲೆ ಲೋಹ ಲೋಹವನ್ನು ತಾಗದೆ ತಿರುಗುತ್ತದೆ. 2001ರ ಸೀಗೇಟ್ ಬರಾಕುಡಾ ಎಟಿಎ 4 ಎಂಬ ಅಂಥ ಡಿಸ್ಕನ್ನು ಮೊದಲ ಸಲ ಚಾಲೂ ಮಾಡಿದಾಗ ಸದ್ದು ಕೇಳದೆ, ಕೇಬಲ್ ಸರಿಯಾಗಿ ಕೂತಿಲ್ಲವೆಂದು ಎರಡು ಬಾರಿ ಕಿತ್ತು ಹಾಕಿದ್ದೆ.

ಒಂದು ನಷ್ಟವೂ ಉಂಟು. ಗುಂಡಿನ ಬೇರಿಂಗ್ ಸಾಯುವ ಮೊದಲು ತಿಂಗಳುಗಟ್ಟಲೆ ಕೂಗಿ ಹೇಳುತ್ತಿತ್ತು. ಕೆಳಗೆ ಬಿದ್ದ ಏಟಿಗೆ ದ್ರವ ಬೇರಿಂಗ್ ಬಿಗಿದುಕೊಂಡರೆ ಮುನ್ಸೂಚನೆಯೂ ಇಲ್ಲ, ಮಣಿಕಟ್ಟಿನ ಮಂತ್ರವೂ ನಾಟುವುದಿಲ್ಲ.

ಈಗಿನ ದೊಡ್ಡ ಡಿಸ್ಕುಗಳಲ್ಲಿ ಗಾಳಿಯ ಬದಲು ಹೀಲಿಯಂ. 2013ರಲ್ಲಿ ಎಚ್‌ಜಿಎಸ್‌ಟಿ ಕಂಪನಿಯ 6 ಟಿಬಿ ಡಿಸ್ಕಿನಿಂದ ಅದರ ಮಾರಾಟ ಶುರುವಾಯಿತು. ಸಾಂದ್ರತೆ ಗಾಳಿಯ ಏಳರಲ್ಲಿ ಒಂದು ಪಾಲು, ಆದ್ದರಿಂದ ತಟ್ಟೆಗಳ ಅದುರು ಕಡಿಮೆ. ತೆಳು ತಟ್ಟೆಗಳನ್ನು ಹತ್ತಿರ ಹತ್ತಿರ ಜೋಡಿಸಬಹುದು. ಆ ಮೊದಲ ಡಿಸ್ಕಿನಲ್ಲಿ 7 ತಟ್ಟೆಗಳಿದ್ದವು. ಅನಿಲ ಸೋರದಂತೆ ಮುಚ್ಚಳಕ್ಕೆ ಬೆಸುಗೆ.

ಮೊನ್ನೆ ಮದುವೆ ಫೋಟೋಗ್ರಾಫರ್ ಒಬ್ಬರು ಅಂಥದ್ದೊಂದನ್ನು ತಂದಿದ್ದರು. ಅಭ್ಯಾಸಬಲದಿಂದ ಸ್ಕ್ರೂಡ್ರೈವರನ್ನು ಕಿವಿಗೆ ಆನಿಸಿದೆ. ತೋಳು ಓಡಾಡುವ ಗುಟುಗುಟು ಬಿಟ್ಟು ಬೇರೇನೂ ಕೇಳಲಿಲ್ಲ.

“ಏನು ಹೇಳುತ್ತದೆ?” ಎಂದರು.

“ಇನ್ನೊಂದು ಪ್ರತಿ ಇದೆಯಾ?” ಎಂದು ಕೇಳಿದೆ.